ವೈಭವ-ವಿಭೂತಿ ಶಬ್ದವಿಚಾರ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಊರುಗಳ ಸೀಮೆಯಲ್ಲಿ ಯಾವ ಮಠದ ಜಾತ್ರೆಯ ಕರೆಯೋಲೆಯನ್ನು ತೆಗೆದು ನೋಡಿದರೂ, ಯಾವ ಪಟ್ಟಾಧಿಕಾರ ಮಹೋತ್ಸವದ ಆಮಂತ್ರಣಪತ್ರಿಕೆಯನ್ನು ಓದಿದರೂ ಒಂದು ಶಬ್ದವು ತಪ್ಪದೆ ಕಣ್ಣಿಗೆ ಬೀಳುವದು. ಅದು 'ವೈಭವ'. ರಥೋತ್ಸವವು ವೈಭವದಿಂದ ಜರುಗುವದು. ಪಲ್ಲಕ್ಕಿಯು ವೈಭವದಿಂದ ಹೊರಡುವದು. ಧರ್ಮಸಭೆಯು ಮಹಾವೈಭವದಿಂದ ನೆರವೇರುವದು. ಹೀಗೆಂದೊಡನೆ ಭಕ್ತರ ಮನಸ್ಸಿನಲ್ಲಿ ಮೂಡುವ ಚಿತ್ರವೂ ಗೊತ್ತಾದುದೇ ಆಗಿದೆ: ಛತ್ರ ಚಾಮರಗಳು, ಹಗಲುದೀವಟಿಗೆ, ಬೆಳ್ಳಿಯ ಬೆತ್ತ, ನಂದಿಕೋಲು, ಕರಡಿಮಜಲು, ಪುರವಂತರ ಒಡಪು, ರಾತ್ರಿಯ ಬಾಣಬಿರುಸು. ಇವೆಲ್ಲವೂ ಶೋಭೆಯ ವಸ್ತುಗಳೇ ಸರಿ. ಇವನ್ನು ಹಳಿಯುವದು ಈ ಲೇಖನದ ಉದ್ದೇಶವಲ್ಲ. ಆದರೆ ಹೋದ ವರುಷದ ತೇರಿಗಿಂತ ಈ ವರುಷದ ತೇರು ಕಡಿಮೆಯಾಗಬಾರದೆಂದೂ, ನೆರೆಯ ಮಠದ ಉತ್ಸವಕ್ಕಿಂತ ತಮ್ಮ ಮಠದ ಉತ್ಸವವು ಹಿಂದೆ ಬೀಳಬಾರದೆಂದೂ ಬಡಭಕ್ತರು ಸಾಲ ಮಾಡಿ ವರ್ಗಣಿ ಕೊಡುವ ಪ್ರಸಂಗಗಳು ಇಲ್ಲವೆನ್ನಲಾಗದು. ವೈಭವವು ನಡೆಯಿತೋ ಇಲ್ಲವೋ ಎಂಬುದನ್ನು ಯಾವ ಕೊಳಗದಿಂದ ಅಳೆಯತಕ್ಕದ್ದು? ಈ ಪ್ರಶ್ನೆಗೆ ಉತ್ತರವನ್ನು ಆ ಶಬ್ದದೊಳಗೇ ಹುಡುಕುವದು ಉಚಿತ. ಇದೇ ಸೀಮೆಯ ಇತಿಹಾಸವು ಆ ಶಬ್ದಕ್ಕೆ ಬರೆದ ವ್ಯಾಖ್ಯಾನವೋ ಎಂಬಂತೆ ಇರುವದರಿಂದ ಈ ವಿಚಾರಕ್ಕೆ ದೂರ ಹೋಗಬೇಕಾದ ಕಾರಣವಿಲ್ಲ.

ಮೊದಲು ಹಿರಿಮೆಯನ್ನು ಹೇಳುವ ಇತರ ಶಬ್ದಗಳ ಗತಿಯನ್ನು ನೋಡಬೇಕು. ಹಳಗನ್ನಡದಲ್ಲಿ 'ಪೆರ್ಮೆ' ಎಂದರೆ ದೊಡ್ಡತನ, ಮಹಿಮೆ. ಅದೇ ಶಬ್ದವು ಹೆರ್ಮೆಯಾಗಿ, ಹೆಮ್ಮೆಯಾಗಿ ಇಂದಿನ ಬಳಕೆಗೆ ಬಂದಾಗ ದೊಡ್ಡತನವು ಹಿಂದೆ ಸರಿದು, ದೊಡ್ಡವನೆಂಬ ಭಾವನೆಯು ಮುಂದೆ ಬಂದಿತು. ಅರಬಿಯಲ್ಲಿ ಹುಟ್ಟಿ ಪಾರಸಿಯ ಹಾದಿಯಿಂದ ಬಂದ 'ದೌಲತ್' ಎಂಬುದು ರಾಜ್ಯ, ಸಂಪತ್ತು ಎಂಬ ಅರ್ಥದ್ದು. ಬಹಮನಿ ಸುಲ್ತಾನರ ಕಾಲದಿಂದ ೧೯೪೮ರಲ್ಲಿ ನಿಜಾಮರ ಆಳಿಕೆ ಮುಗಿಯುವ ವರೆಗೆ ಈ ಭಾಗದ ಕಚೇರಿಗಳಲ್ಲಿ ಆಳಿದ ಭಾಷೆಗಳ ಶಬ್ದವದು. ಆದರೆ ಕನ್ನಡಿಗನ ಬಾಯಲ್ಲಿ 'ದೌಲತ್ತು' ಎಂದರೆ ದರ್ಪ, ದಬ್ಬಾಳಿಕೆ. 'ಅವನ ದೌಲತ್ತು ನಮ್ಮ ಮುಂದೆ ನಡೆಯುವದಿಲ್ಲ' ಎಂದು ಒಕ್ಕಲಿಗನು ಹೇಳುವಾಗ ಅಲ್ಲಿ ಸಂಪತ್ತಿನ ಸುಳಿವೂ ಇಲ್ಲ. 'ಡೌಲು' ಎಂಬುದಂತೂ ಬರಿಯ ತೋರಿಕೆಯ ಹೆಸರಾಗಿ ನಿಂತಿದೆ. ಸಿರಿಯೊಂದೇ 'ಶ್ರೀ'ಯ ಮಗಳಾಗಿ ತಕ್ಕಮಟ್ಟಿಗೆ ತನ್ನ ಮಾನವನ್ನು ಉಳಿಸಿಕೊಂಡಿದೆ. ಹಿರಿಮೆಯನ್ನು ಹೇಳುವ ಶಬ್ದಗಳನ್ನು ಜನರು ಬಹುಕಾಲ ನಂಬುವದಿಲ್ಲವೆಂಬುದು ಇದರಿಂದ ತಿಳಿಯುವದು. ಅವು ಹೊಗಳಿಕೆಯಾಗಿ ಹುಟ್ಟಿ ಬೈಗುಳಾಗಿ ಮುದಿಯಾಗುತ್ತವೆ.

ಇವುಗಳ ನಡುವೆ ಒಂದು ಶಬ್ದದ ಗತಿ ಮಾತ್ರ ಬೇರೆಯಾಯಿತು. ಹಿರಿಮೆಯ ಶಿಖರದಲ್ಲಿದ್ದ ಅದು ಕೆಳಗಿಳಿದು ಬೂದಿಯಾಯಿತು. ಬೂದಿಯಾದ ಮೇಲೆ ಮೊದಲಿಗಿಂತ ಹೆಚ್ಚು ಪೂಜ್ಯವಾಯಿತು. ಅದೇ 'ವಿಭೂತಿ'. ವೈಭವಕ್ಕೂ ಅದಕ್ಕೂ ತಾಯಿಬೇರು ಒಂದೇ.

ವ್ಯಾಕರಣರೀತ್ಯಾ 'ಭೂ' ಎಂಬ ಧಾತುವು ಇರುವಿಕೆಯನ್ನು ಹೇಳುವದು. ಅದಕ್ಕೆ 'ವಿ' ಎಂಬ ಉಪಸರ್ಗವು ಸೇರಿದಾಗ ವಿಶೇಷವಾಗಿ ಇರುವಿಕೆ, ಅರ್ಥಾತ್ ಹಬ್ಬಿ ಇರುವಿಕೆ, ಎಂಬ ಅರ್ಥ ಬರುವದು. ಆ ಧಾತುವಿಗೇ ಅಪ್ ಪ್ರತ್ಯಯವಾದರೆ 'ವಿಭವ'. ಸ್ತ್ರೀಲಿಂಗದಲ್ಲಿ ಕ್ತಿನ್ ಪ್ರತ್ಯಯವಾದರೆ 'ವಿಭೂತಿ'. ಹಬ್ಬಿ ಇರತಕ್ಕವನು 'ವಿಭು'. ವಿಭುವಿನ ಭಾವವೇ 'ವೈಭವ'. ಅರುವತ್ತು ಸಂವತ್ಸರಗಳಲ್ಲಿ ಎರಡನೆಯದಕ್ಕೆ ವಿಭವವೆಂಬ ಹೆಸರಿರುವದನ್ನು ಪಂಚಾಂಗವನ್ನು ಕೇಳುವವರೆಲ್ಲರೂ ಬಲ್ಲರು. ಹೀಗೆ ಈ ನಾಲ್ಕೂ ಶಬ್ದಗಳು ಒಂದೇ ಮನೆಯ ಮಕ್ಕಳು.

ವಿಭು ಎಂಬುದನ್ನು ತರ್ಕಶಾಸ್ತ್ರದವರು ಇನ್ನೂ ಸ್ಪಷ್ಟಗೊಳಿಸಿದ್ದಾರೆ. ಅವರ ಮತದಲ್ಲಿ ಆಕಾಶ, ಕಾಲ, ದಿಕ್ಕು, ಆತ್ಮ ಇವು ನಾಲ್ಕು ವಿಭುದ್ರವ್ಯಗಳು. ಇವು ವಿಭುಗಳಾದದ್ದು ದೊಡ್ಡವೆಂಬಷ್ಟರಿಂದಲೇ ಅಲ್ಲ. ಮೂರ್ತವಾದ, ಅಂದರೆ ಪರಿಮಿತ ಅಳತೆಯುಳ್ಳ ಸಮಸ್ತ ದ್ರವ್ಯಗಳೊಡನೆಯೂ ಇವಕ್ಕೆ ಸಂಯೋಗವಿರುವದರಿಂದ. ಆಕಾಶವು ಮೇರುಪರ್ವತವನ್ನು ಮುಟ್ಟಿದಂತೆಯೇ ಸಾಸಿವೆಯ ಕಾಳನ್ನೂ ಮುಟ್ಟಿದೆ. ಯಾವದೊಂದು ಚಿಕ್ಕ ವಸ್ತುವು ಅದರ ಸಂಯೋಗಕ್ಕೆ ಹೊರಗಾದರೂ ಅದರ ವಿಭುತ್ವವು ಮುರಿದು ಬೀಳುವದು. ಪಾಠಶಾಲೆಯ ಬಾಲಕರು ಉರು ಹೊಡೆಯುವ ಈ ಲಕ್ಷಣವನ್ನು ಲೌಕಿಕ ವೈಭವಕ್ಕೆ ಅನ್ವಯಿಸಿ ನೋಡಿದವರು ವಿರಳ. ಅನ್ವಯಿಸಿದರೆ, ಒಂದೆಡೆಯಲ್ಲಿ ರಾಶಿ ಬಿದ್ದ ಸಂಪತ್ತಿಗೆ ವೈಭವವೆಂಬ ಹೆಸರೇ ಸಲ್ಲದು. ಎಲ್ಲರನ್ನೂ ಮುಟ್ಟುವಂತೆ ಹಬ್ಬಿದುದೇ ವೈಭವ. ರಾಶಿಗೆ ಕೋಶದಲ್ಲಿ ಬೇರೆ ಶಬ್ದಗಳು ಬೇಕಾದಷ್ಟಿವೆ.

ಅಮರಸಿಂಹನು ವಿಭೂತಿ ಶಬ್ದವನ್ನು ತನ್ನ ಕೋಶದ ಸ್ವರ್ಗವರ್ಗದಲ್ಲಿ ಇಟ್ಟಿದ್ದಾನೆ. ಅದನ್ನು ಇಟ್ಟ ಸ್ಥಳವು ಮನನೀಯವಾಗಿದೆ. ಶಿವನ ನಾಮಗಳು, ಅವನ ಜಟೆ, ಧನುಸ್ಸು, ಪ್ರಮಥರು, ಮಾತೃಕೆಯರು ಇವರನ್ನೆಲ್ಲ ಹೇಳಿದ ಮೇಲೆ, ಉಮೆಯ ಹೆಸರುಗಳು ಬರುವದಕ್ಕೆ ಮುಂಚೆ, ವಿಭೂತಿ, ಭೂತಿ, ಐಶ್ವರ್ಯ ಈ ಮೂರನ್ನೂ ಒಂದೇ ಅರ್ಥದ ಶಬ್ದಗಳಾಗಿ ಹೇಳಿ, ಅಣಿಮಾದಿ ಎಂಟು ಬಗೆಯ ಐಶ್ವರ್ಯಗಳನ್ನು ಸೂಚಿಸುತ್ತಾನೆ. ಅಲ್ಲಿ ವಿಭೂತಿಯೆಂದರೆ ಬೂದಿಯಲ್ಲ, ಈಶ್ವರನ ಈಶ್ವರತ್ವವೇ. ಮುಂದೆ ನಾನಾರ್ಥವರ್ಗದಲ್ಲಿ ಭೂತಿ ಶಬ್ದಕ್ಕೆ ಭಸ್ಮ, ಸಂಪತ್ತು ಎಂಬ ಎರಡೂ ಅರ್ಥಗಳನ್ನು ಅಕ್ಕಪಕ್ಕದಲ್ಲಿಯೇ ಕೊಡುತ್ತಾನೆ. ಭಗವದ್ಗೀತೆಯ ಹತ್ತನೆಯ ಅಧ್ಯಾಯಕ್ಕೆ ವಿಭೂತಿಯೋಗವೆಂದು ಹೆಸರು; ಪತಂಜಲಿಯ ಯೋಗಸೂತ್ರಗಳ ಮೂರನೆಯ ಪಾದಕ್ಕೆ ವಿಭೂತಿಪಾದವೆಂದು ಹೆಸರು. ಎರಡು ಕಡೆಗೂ ಮಹಿಮೆಯೆಂಬುದೇ ಅರ್ಥ.

ಹಾಗಾದರೆ ಬೂದಿಯು ಐಶ್ವರ್ಯದ ಹೆಸರನ್ನು ಹೇಗೆ ಪಡೆಯಿತು? ಬೃಹಜ್ಜಾಬಾಲೋಪನಿಷತ್ತು, ಸಿದ್ಧಾಂತಶಿಖಾಮಣಿ ಮೊದಲಾದ ಗ್ರಂಥಗಳು ಭಸ್ಮಕ್ಕೆ ವಿಭೂತಿ, ಭಸಿತ, ಭಸ್ಮ, ಕ್ಷಾರ, ರಕ್ಷೆ ಎಂಬ ಐದು ಹೆಸರುಗಳನ್ನು ಹೇಳಿ ಒಂದೊಂದಕ್ಕೂ ಕಾರಣ ಕೊಡುತ್ತವೆ. ಹೊಳೆಯುವದರಿಂದ ಭಸಿತ, ಕಾಯುವದರಿಂದ ರಕ್ಷೆ, ಐಶ್ವರ್ಯಕ್ಕೆ ಕಾರಣವಾದುದರಿಂದ ವಿಭೂತಿ. ಆಲಂಕಾರಿಕರು ಇಂಥ ಪ್ರಯೋಗಕ್ಕೆ ಲಕ್ಷಣೆಯೆಂದು ಹೆಸರಿಟ್ಟು 'ತುಪ್ಪವೇ ಆಯುಷ್ಯ' ಎಂಬ ಉದಾಹರಣೆಯನ್ನು ಕೊಡುವದುಂಟು. ತುಪ್ಪವು ಆಯುಷ್ಯಕ್ಕೆ ಕಾರಣ. ಕಾರಣವನ್ನು ಕಾರ್ಯದ ಹೆಸರಿನಿಂದ ಕರೆಯಲಾಯಿತು. ಅದರಂತೆಯೇ ಭಸ್ಮವು ವಿಭೂತಿಯಾಯಿತು. ಇದು ಶಾಸ್ತ್ರದ ಸಮಾಧಾನ; ನಿರ್ದುಷ್ಟವಾದುದೇ. ಆದರೆ ಕಾಗಿಣಾ ನದಿಯ ದಂಡೆಯಲ್ಲಿ ಒಂದು ದಿನ ನಿಂತು ನೋಡಿದವರಿಗೆ ಇತಿಹಾಸವು ಇದೇ ಅರ್ಥವನ್ನು ಬೇರೊಂದು ರೀತಿಯಿಂದ ಹೇಳಿಕೊಡುವದು.

ಸೇಡಂ ತಾಲೂಕಿನ ಮಳಖೇಡವು ಈಗ ಒಡೆದ ಕೋಟೆಯ ಊರು. ಇದೇ ರಾಷ್ಟ್ರಕೂಟ ಚಕ್ರವರ್ತಿಗಳ ಮಾನ್ಯಖೇಟ. ಮುಮ್ಮಡಿ ಕೃಷ್ಣನ ಇ. ಸ. ೯೪೦ರ ದೇವಳಿ ತಾಮ್ರಪಟವು, ಅಮೋಘವರ್ಷನು ಕಟ್ಟಿಸಿದ ಈ ನಗರವು ದೇವೇಂದ್ರನ ಪಟ್ಟಣವನ್ನೇ ನೋಡಿ ನಗುವಂತಿತ್ತೆಂದು ವರ್ಣಿಸುತ್ತದೆ. ಆಸ್ಥಾನಕವಿಗಳ ಮಾತಾದುದರಿಂದ ಇದರಲ್ಲಿ ಅತಿಶಯೋಕ್ತಿಯನ್ನು ಕಳೆಯಬೇಕೆಂದರೂ, ಪರದೇಶಿಯರ ಸಾಕ್ಷ್ಯವನ್ನು ಕಳೆಯಲಾಗದು. ಇ. ಸ. ೮೫೧ರ ಸುಮಾರಿಗೆ ಅರಬ ವರ್ತಕನಾದ ಸುಲೈಮಾನನು ಜಗತ್ತಿನ ನಾಲ್ವರು ಮಹಾರಾಜರನ್ನು ಎಣಿಸುವಾಗ ಬಗದಾದಿನ ಖಲೀಫ, ಚೀನದ ಚಕ್ರವರ್ತಿ, ರೂಮದ ಅರಸ ಇವರ ಜೊತೆಗೆ 'ಬಲ್ಹರಾ' ಎಂಬವನನ್ನು ಹೇಳಿದನು. ಬಲ್ಹರಾ ಎಂದರೆ ವಲ್ಲಭರಾಜ. ಮಾನ್ಯಖೇಟದ ದೊರೆಯ ಬಿರುದು. ಮುಂದಿನ ಶತಮಾನದಲ್ಲಿ ಮಸೂದಿಯು ಈ ನಗರವನ್ನು 'ಮಾನಕೀರ' ಎಂಬ ಹೆಸರಿನಿಂದ ಬರೆದನು.

ಇಷ್ಟು ವಿಭವದ ನಡುವೆ ಕುಳಿತ ಅಮೋಘವರ್ಷ ನೃಪತುಂಗನು ಇ. ಸ. ೮೧೪ರಿಂದ ೮೭೮ರ ವರೆಗೆ ಅರುವತ್ತು ನಾಲ್ಕು ವರುಷ ಆಳಿದನು. ಆದಿಪುರಾಣವನ್ನು ಬರೆದ ಜಿನಸೇನಾಚಾರ್ಯರು ಅವನಿಗೆ ಪೂಜ್ಯರಾದ ಗುರುಗಳು. ಮಹಾವೀರಾಚಾರ್ಯನ ಗಣಿತಸಾರಸಂಗ್ರಹವೂ ಶಾಕಟಾಯನನ ಅಮೋಘವೃತ್ತಿಯೂ ಅವನ ಆಶ್ರಯದ ಫಲಗಳು. ಕನ್ನಡ ನುಡಿಗೆ ಲಕ್ಷಣ ಬರೆದ ಕವಿರಾಜಮಾರ್ಗವು ಇದೇ ಸಭೆಯಲ್ಲಿ ಹುಟ್ಟಿದ್ದೆಂಬ ಒಂದು ಸಂಗತಿಯೇ ಈ ಸೀಮೆಗೆ ಸಾಲುವಷ್ಟು ಕೀರ್ತಿಯನ್ನು ಕೊಡುವದು. ಆದರೆ ವೈಭವ ಶಬ್ದದ ವಿಚಾರದಲ್ಲಿ ಮುಖ್ಯವಾದುದು ಇ. ಸ. ೮೭೧ರ ಸಂಜಾನ ತಾಮ್ರಪಟದ ಮಾತು. ಪ್ರಜೆಗಳಿಗೆ ಒದಗಿದ ಉತ್ಪಾತವನ್ನು ಕಳೆಯುವದಕ್ಕಾಗಿ ಈ ಅರಸನು ತನ್ನ ಎಡಗೈಯ ಬೆರಳನ್ನು ಕೊಯ್ದು ಮಹಾಲಕ್ಷ್ಮಿಗೆ ಒಪ್ಪಿಸಿದನೆಂದು ಅದು ಹೇಳುವದು. ಲಕ್ಷ್ಮಿಯಿಂದ ಸಂಪತ್ತನ್ನು ಬೇಡುವವರು ಲೋಕದಲ್ಲಿ ಅಸಂಖ್ಯರು. ಸಂಪತ್ತಿನ ಗದ್ದುಗೆಯಲ್ಲಿ ಕುಳಿತು ಲಕ್ಷ್ಮಿಗೆ ತನ್ನ ಮೈಯ ತುಂಡನ್ನು ಕೊಟ್ಟವನು ಇವನೊಬ್ಬನು. ಅವನದೇ ಕೃತಿಯೆಂದು ಹೇಳುವ ಪ್ರಶ್ನೋತ್ತರರತ್ನಮಾಲಿಕೆಯ ಕೊನೆಯಲ್ಲಿ, ವಿವೇಕದಿಂದ ರಾಜ್ಯವನ್ನು ಬಿಟ್ಟ ಅಮೋಘವರ್ಷನು ಇದನ್ನು ರಚಿಸಿದನೆಂಬ ಅಭಿಪ್ರಾಯವಿದೆ. ವಿಭವವಿದ್ದಾಗಲೇ ಅದನ್ನು ಬಿಡಬಲ್ಲವನಿಗೆ ಅದು ಸಲ್ಲುತ್ತದೆಂಬುದನ್ನು ಅವನು ಬಲ್ಲವನಾಗಿದ್ದನು. ಅವನ ಪೀಳಿಗೆಯವರಿಗೆ ಅಂಥ ಅವಕಾಶ ದೊರೆಯಲಿಲ್ಲ.

ಇ. ಸ. ೯೭೨ರಲ್ಲಿ, ಖೊಟ್ಟಿಗನು ಆಳುತ್ತಿದ್ದಾಗ, ಮಾಳವದ ಪರಮಾರ ಸೀಯಕನು ದಂಡೆತ್ತಿ ಬಂದು ಮಾನ್ಯಖೇಟವನ್ನು ಸೂರೆಗೊಂಡನು. ಈ ಘಟನೆಯ ಕಾಲವು ಗೊತ್ತಾದ ಬಗೆ ವಿಚಿತ್ರವಾಗಿದೆ. ಧಾರಾನಗರದ ಧನಪಾಲನೆಂಬ ಪಂಡಿತನು ತನ್ನ ತಂಗಿ ಸುಂದರಿಗಾಗಿ ಪ್ರಾಕೃತ ಶಬ್ದಗಳ ಒಂದು ಕೋಶವನ್ನು ರಚಿಸಿದನು. ವಿಕ್ರಮ ಸಂವತ್ಸರ ೧೦೨೯ರಲ್ಲಿ, ಮಾಳವದ ದಂಡು ಮಾನ್ಯಖೇಟವನ್ನು ಕೊಳ್ಳೆ ಹೊಡೆದಾಗ, ಇದು ಮುಗಿಯಿತೆಂದು ಅವನು ಗ್ರಂಥಾಂತ್ಯದಲ್ಲಿ ಬರೆದಿಟ್ಟನು. ಆ ಕೋಶದ ಹೆಸರು ಪಾಇಯಲಚ್ಛೀನಾಮಮಾಲಾ. 'ಪಾಇಯಲಚ್ಛಿ' ಎಂದರೆ ಪ್ರಾಕೃತಲಕ್ಷ್ಮಿ. ಒಂದು ನಗರದ ಲಕ್ಷ್ಮಿಯು ಬಂಡಿಗಳಲ್ಲಿ ಮಾಳವಕ್ಕೆ ಹೋಗುತ್ತಿರುವಾಗ ಇನ್ನೊಂದು ನಗರದಲ್ಲಿ ಒಬ್ಬ ಅಣ್ಣನು ತಂಗಿಗೆ ಶಬ್ದಲಕ್ಷ್ಮಿಯನ್ನು ಕಟ್ಟಿಕೊಡುತ್ತಿದ್ದನು. ಸೀಯಕನು ಒಯ್ದ ಬಂಗಾರವು ಎಲ್ಲಿ ಕರಗಿತೋ ಬಲ್ಲವರಿಲ್ಲ. ಧನಪಾಲನ ಶಬ್ದಗಳು ಮಾತ್ರ ಇಂದಿಗೂ ಓದುವವರ ಕೈಯಲ್ಲಿವೆ.

ಸೋತ ಪಕ್ಷದ ಸಾಕ್ಷ್ಯವು ಇದಕ್ಕಿಂತ ಮನಕರಗಿಸುವಂಥದು. ಶೈವ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿ ಜೈನನಾದ ಪುಷ್ಪದಂತ ಕವಿಯು ಮಾನ್ಯಖೇಟದಲ್ಲಿ ಭರತ ಮಂತ್ರಿಯ ಆಶ್ರಯದಲ್ಲಿದ್ದು, ಇ. ಸ. ೯೫೯ರಿಂದ ೯೬೫ರ ವರೆಗೆ ಅಪಭ್ರಂಶ ಭಾಷೆಯಲ್ಲಿ ಮಹಾಪುರಾಣವನ್ನು ಬರೆದನು. ಆ ಗ್ರಂಥದ ಪ್ರತಿಗಳಲ್ಲಿ ದೊರೆಯುವ ಒಂದು ಸಂಸ್ಕೃತ ಶ್ಲೋಕವು ಧಾರೆಯ ಅರಸನ ಕೋಪವೆಂಬ ಬೆಂಕಿಯಿಂದ ಈ ನಗರವು ಸುಟ್ಟುಹೋಯಿತೆಂದೂ, ಪುಷ್ಪದಂತ ಕವಿಯು ಇನ್ನೆಲ್ಲಿ ವಾಸಿಸಬೇಕೆಂದೂ ಶೋಕಿಸುವದು. ಅದರಲ್ಲಿ 'ದಗ್ಧ' ಎಂಬ ಶಬ್ದದ ಬೆನ್ನಿಗೇ 'ವಿದಗ್ಧ' ಎಂಬ ಶಬ್ದವಿದೆ. ವಿದಗ್ಧರೆಂದರೆ ಪಂಡಿತರು, ರಸಜ್ಞರು. ಅವರಿಗೆ ಪ್ರಿಯವಾದ ನಗರವು ದಗ್ಧವಾಯಿತು. ದುಃಖದಲ್ಲಿಯೂ ಶಬ್ದದ ಬೇರನ್ನು ಮರೆಯದ ಕವಿಯ ಚಾತುರ್ಯವೆಂದು ಇದನ್ನು ಮೆಚ್ಚಬಹುದು. ಆದರೆ ಇದರಲ್ಲಿ ಚಾತುರ್ಯಕ್ಕಿಂತ ಹೆಚ್ಚಿನದೊಂದು ಇದೆ. ಅನಾಥನಾದ ಆ ಕವಿಯು ನಗರದ ಗುರುತಾಗಿ ಅರಮನೆಯನ್ನಾಗಲಿ ಭಂಡಾರವನ್ನಾಗಲಿ ನೆನೆಯಲಿಲ್ಲ. ಪಂಡಿತರಿಗೆ ಅದು ಪ್ರಿಯವಾಗಿತ್ತೆಂಬುದನ್ನು ನೆನೆದನು. ಮರುವರುಷವೇ, ಇ. ಸ. ೯೭೩ರಲ್ಲಿ, ಚಾಲುಕ್ಯ ತೈಲಪನು ರಾಷ್ಟ್ರಕೂಟರ ರಾಜ್ಯವನ್ನು ಮುಗಿಸಿದನು. ಭೂತಿ ಶಬ್ದದ ಎರಡು ಅರ್ಥಗಳನ್ನು ಅಮರಸಿಂಹನು ಎರಡು ವರ್ಗಗಳಲ್ಲಿ ಹೇಳಿದನು. ಕಾಗಿಣೆಯ ದಂಡೆಯು ಅವನ್ನು ಒಂದೇ ವರುಷದಲ್ಲಿ ಕಂಡಿತು.

ಇದೇ ಸೀಮೆಯಲ್ಲಿ ಇದಕ್ಕಿಂತ ಬಹು ಹಳೆಯದಾದ ರಾಜವೈಭವದ ಒಂದು ಚಿತ್ರವೂ ಸಿಕ್ಕಿದೆ. ಭೀಮಾ ನದಿಯ ದಂಡೆಯ ಸನ್ನತಿಯ ಹತ್ತಿರ, ಚಿತ್ತಾಪುರ ಸೀಮೆಯ ಕನಗನಹಳ್ಳಿಯಲ್ಲಿ ೧೯೯೪ರಿಂದ ನಡೆದ ಉತ್ಖನನದಲ್ಲಿ ಬೌದ್ಧ ಮಹಾಚೈತ್ಯವೊಂದು ಬೆಳಕಿಗೆ ಬಂದಿತು. ಸುಣ್ಣಕಲ್ಲಿನ ಹಾಸುಗಳಲ್ಲಿ ಕಡೆದ ಶಿಲ್ಪಗಳ ನಡುವೆ ಒಬ್ಬ ಅರಸನು ರಾಣಿಯೊಡನೆ ನಿಂತಿದ್ದಾನೆ; ಪರಿಚಾರಿಕೆಯರು ಛತ್ರ ಚಾಮರಗಳನ್ನು ಹಿಡಿದಿದ್ದಾರೆ. ಅದರ ಮೇಲೆ ಬ್ರಾಹ್ಮೀ ಲಿಪಿಯಲ್ಲಿ 'ರಾಯೋ ಅಸೋಕೋ' ಎಂದು ಬರೆದಿದೆ. ರಾಜಾ ಅಶೋಕ, ಎರಡೇ ಶಬ್ದಗಳು. ಮುಂದಿನ ಕಾಲದ ಅರಸರು ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ, ಸಮಸ್ತಭುವನಾಶ್ರಯ ಎಂದು ಕಲ್ಲಿನ ಅರ್ಧಭಾಗವನ್ನೇ ಬಿರುದುಗಳಿಂದ ತುಂಬಿಸಿದರು. ಅವರ ರಾಜ್ಯವು ಚಂದ್ರಸೂರ್ಯತಾರೆಗಳಿರುವ ವರೆಗೆ ಸಲ್ಲುತ್ತಿರಬೇಕೆಂದು ಶಾಸನಕವಿಗಳು ಬರೆದರು. ಚಂದ್ರಸೂರ್ಯರು ಇದ್ದೇ ಇದ್ದಾರೆ.

ಆದರೂ ಶಾಸನಗಳ ಬಿರುದಾವಳಿಯನ್ನು ದಾಟಿ ಮುಂದೆ ಓದುವವರಿಗೆ ಅಲ್ಲಿಯೇ ಇನ್ನೊಂದು ಲೆಕ್ಕವು ಸಿಗುವದು. ಕಲ್ಯಾಣಚಾಲುಕ್ಯರ ಕಾಲದ ದೇವಸ್ಥಾನಗಳ ದತ್ತಿಗಳಲ್ಲಿ ಭೂಮಿಯನ್ನು ಯಾತಕ್ಕಾಗಿ ಬಿಟ್ಟರೆಂಬುದನ್ನು ಬಿಡಿಸಿ ಹೇಳುವ ಪದ್ಧತಿ ಇತ್ತು. ದೇವರ ಅಂಗಭೋಗ ರಂಗಭೋಗಗಳಿಗೆ ಇಷ್ಟು. ಅಂದರೆ ಅಭಿಷೇಕ, ಗಂಧ, ಹೂವು, ಪಾತ್ರ, ವಾದ್ಯ, ನೃತ್ಯಗಳಿಗೆ. ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಇಷ್ಟು. ತಪೋಧನರ ಆಹಾರದಾನಕ್ಕೆ, ವಿದ್ಯಾದಾನಕ್ಕೆ ಇಷ್ಟು. ಕಣ್ಣಿಗೆ ಕಾಣುವ ಶೋಭೆ, ಹೊಟ್ಟೆಗೆ ಅನ್ನ, ತಲೆಗೆ ವಿದ್ಯೆ ಈ ಮೂರನ್ನೂ ಒಂದೇ ದತ್ತಿಯಲ್ಲಿ ಕಟ್ಟಿದ ಹಿರಿಯರ ದೃಷ್ಟಿಯಲ್ಲಿ ಶೋಭೆಯೊಂದೇ ವೈಭವವಾಗಿರಲಿಲ್ಲ. ಸೇಡಂ ಊರಿನ ಹಳೆಯ ಹೆಸರು ಸೇಡಿಂಬ. ಅಲ್ಲಿಯ ಮುನ್ನೂರ್ವರು ಮಹಾಜನರು ವೈದಿಕ ಕರ್ಮಗಳಲ್ಲಿ ನಿಷ್ಣಾತರಾಗಿದ್ದರೂ ಶಾಂತಿನಾಥನ ಬಸದಿಯನ್ನು ಕಟ್ಟಿಸಿದ ಸಂಗತಿಯನ್ನು ಆರನೆಯ ವಿಕ್ರಮಾದಿತ್ಯನ ಕಾಲದ ಶಾಸನವು ಹೇಳುತ್ತದೆ. ತಮ್ಮ ಮತದ ಹೊರಗಿನವರಿಗೂ ಮುಟ್ಟುವಂತೆ ಹಬ್ಬಿದ ಈ ಔದಾರ್ಯಕ್ಕೆ ವೈಭವವೆಂಬ ಹೆಸರನ್ನು ಕೊಟ್ಟರೆ ತರ್ಕಶಾಸ್ತ್ರಕ್ಕೆ ವಿರೋಧವಾಗದು.

ಈ ಮಾತಿಗೆ ಎಲ್ಲಕ್ಕೂ ಮಿಗಿಲಾದ ನಿದರ್ಶನವು ಚಿತ್ತಾಪುರದ ಮಗ್ಗುಲಿನ ನಾಗಾವಿ. ಇಂದು ಯಲ್ಲಮ್ಮನ ಗುಡಿಗೆ ನಡೆದುಕೊಳ್ಳುವ ಭಕ್ತರಿಂದ ತುಂಬುವ ಈ ಸ್ಥಳವು ಒಂದು ಕಾಲಕ್ಕೆ ಘಟಿಕಾಸ್ಥಾನವಾಗಿತ್ತು. ತ್ರೈಲೋಕ್ಯಮಲ್ಲ ಒಂದನೆಯ ಸೋಮೇಶ್ವರನ ಆಳಿಕೆಯಲ್ಲಿ, ಇ. ಸ. ೧೦೫೮ರಲ್ಲಿ, ಅವನ ದಂಡನಾಯಕನಾದ ಮಧುಸೂದನನು ಇಲ್ಲಿ ತ್ರೈಪುರುಷ ದೇವಾಲಯವನ್ನೂ ಘಟಿಕಾಶಾಲೆಯನ್ನೂ ಸ್ಥಾಪಿಸಿ ದತ್ತಿ ಬಿಟ್ಟನು. ಅರಸನ ಪರಾಕ್ರಮ, ದಂಡನಾಯಕನ ವಂಶ, ಬಿರುದುಗಳು ಇವೆಲ್ಲವನ್ನು ಹೇಳಿದ ಮೇಲೆ ಶಾಸನವು ಮೆಲ್ಲಗೆ ಲೆಕ್ಕಕ್ಕೆ ಇಳಿಯುವದು: ವೇದಾಧ್ಯಯನ ಮಾಡುವ ವಿದ್ಯಾರ್ಥಿಗಳು ಇನ್ನೂರು, ಶಾಸ್ತ್ರವನ್ನು ಓದುವವರು ಬೇರೆ, ವೇದಕ್ಕೆ ಮೂವರು ಉಪಾಧ್ಯಾಯರು, ಶಾಸ್ತ್ರಕ್ಕೆ ಮೂವರು, ಮೀಮಾಂಸೆಯಲ್ಲಿ ಭಾಟ್ಟ, ಪ್ರಾಭಾಕರ ಎರಡೂ ಮತಗಳ ಪಾಠ. ಕಡೆಗೆ 'ಸರಸ್ವತೀ ಭಂಡಾರಿಗರು' ಆರು ಮಂದಿ. ಗ್ರಂಥಗಳನ್ನು ಕಾಯುವವರಿಗೆ ಇದು ಎಂಥ ಹೆಸರು! ಓಲೆಗರಿಯ ಕಟ್ಟುಗಳು ಎಷ್ಟಿದ್ದರೆ ಅವುಗಳ ರಕ್ಷಣೆಗೆ ಆರು ಜನ ಬೇಕಾಗಿದ್ದರೆಂಬುದನ್ನು ಯೋಚಿಸಿದರೆ, ಅರುವತ್ತು ಕಂಬದ ಗುಡಿಯ ಕಲ್ಲಿನ ಕೆಲಸಕ್ಕಿಂತಲೂ ಈ ಒಂದು ಸಾಲೇ ನಾಗಾವಿಯ ವೈಭವವನ್ನು ಹೆಚ್ಚಾಗಿ ತೋರಿಸುವದು. ಮಾನ್ಯಖೇಟವು ಸುಟ್ಟು ತೊಂಬತ್ತು ವರುಷಗಳು ತುಂಬುವದರೊಳಗಾಗಿ, ಅಲ್ಲಿಂದ ಬಹುದೂರವಲ್ಲದ ಸ್ಥಳದಲ್ಲಿಯೇ ವಿದಗ್ಧರಿಗೆ ಪ್ರಿಯವಾದ ಇನ್ನೊಂದು ಊರು ಎದ್ದುನಿಂತಿತ್ತು.

ಆದರೆ ಘಟಿಕಾಸ್ಥಾನದ ವೈಭವಕ್ಕೂ ಒಂದು ಮೇರೆ ಇತ್ತು. ಇನ್ನೂರು ಮಂದಿ ವೇದವಟುಗಳ ಎಣಿಕೆಯಲ್ಲಿ ಒಕ್ಕಲಿಗನ ಮಗನಾಗಲಿ ನೇಯುವವನ ಮಗನಾಗಲಿ ಸೇರಿರಲಿಲ್ಲ. ಹೆಣ್ಣುಮಕ್ಕಳ ಮಾತಂತೂ ದೂರ ಉಳಿಯಿತು. ಸಮಸ್ತ ಮೂರ್ತದ್ರವ್ಯಗಳಿಗೂ ಮುಟ್ಟಬೇಕೆಂಬ ವಿಭುತ್ವಲಕ್ಷಣವು ಅಲ್ಲಿ ಪೂರ್ಣವಾಗಲಿಲ್ಲ. ಅದನ್ನು ಪೂರ್ಣಗೊಳಿಸುವ ಕಾರ್ಯವು ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ನಡೆಯಿತು.

ಬಿಜ್ಜಳನ ಕಲ್ಯಾಣದಲ್ಲಿ ಬಸವಣ್ಣನವರು ಭಂಡಾರಿಗಳಾಗಿದ್ದರೆಂಬುದು ಶರಣಸಂತತಿಗೆ ತಿಳಿದ ವಿಷಯ. ರಾಜ್ಯದ ಬೊಕ್ಕಸದ ಬೀಗದ ಕೈ ಹಿಡಿದವರಿಗೆ ವಿಭವವೆಂದರೆ ಏನೆಂಬುದನ್ನು ಬೇರೆಯವರು ಕಲಿಸಬೇಕಾಗಿರಲಿಲ್ಲ. ಅಂಥವರೇ ಕಲ್ಲಿನ ಗುಡಿಯ ದೊಡ್ಡಸ್ತಿಕೆಗಿಂತ ನಡೆದಾಡುವ ಜಂಗಮವನ್ನು ಮೇಲೆಂದು ಎಣಿಸಿದರು. ಅರಸು, ಆಳು ಎಂದೆಣಿಸದೆ ಎಲ್ಲರ ಹಣೆಗೂ ಒಂದೇ ವಿಭೂತಿಯನ್ನು ಇಟ್ಟರು. ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ ಎಂಬ ಅಷ್ಟಾವರಣಗಳಲ್ಲಿ ವಿಭೂತಿಯು ಸೇರಿದ್ದನ್ನು ಶಬ್ದಾರ್ಥದ ಕಡೆಯಿಂದ ನೋಡಿದರೆ, ಅಣಿಮಾದಿ ಅಷ್ಟೈಶ್ವರ್ಯಗಳ ಹೆಸರಾಗಿದ್ದ ಶಬ್ದವು ಮಾದಾರನ ಹಣೆಯ ಮೇಲೆಯೂ ಬಂದು ಕುಳಿತಂತಾಯಿತು. ಒಬ್ಬ ವಿಭುವಿನ ಸೊತ್ತಾಗಿದ್ದ ವೈಭವವು ಹೀಗೆ ಚಿಟಿಕೆ ಚಿಟಿಕೆಯಾಗಿ ಹಂಚಿಹೋಯಿತು. ಹಂಚಿದರೂ ಕಡಿಮೆಯಾಗದ್ದು ಬೂದಿಯೊಂದೇ ಅಲ್ಲವೇ? ಸಗಣಿಯನ್ನು ಕೊಡುವ ಆಕಳು ಬಡವನ ಕೊಟ್ಟಿಗೆಯಲ್ಲಿಯೂ ಇರುವದು.

ಮೋಳಿಗೆ ಮಾರಯ್ಯನವರ ಚರಿತ್ರೆಯು ಇದಕ್ಕೆ ಉತ್ತಮ ವ್ಯಾಖ್ಯಾನ. ಅವರು ಕಾಶ್ಮೀರದ ಅರಸರಾಗಿದ್ದು, ಕಲ್ಯಾಣದ ಕೀರ್ತಿಯನ್ನು ಕೇಳಿ ರಾಜ್ಯವನ್ನು ಬಿಟ್ಟು, ಮಡದಿ ಮಹಾದೇವಿಯೊಡನೆ ಬಂದು, ಕಟ್ಟಿಗೆಯ ಹೊರೆಯನ್ನು ಮಾರಿ ಜಂಗಮದಾಸೋಹ ನಡೆಸಿದರೆಂದು ಪರಂಪರೆಯು ಹೇಳುತ್ತದೆ. ಮೋಳಿಗೆ ಎಂದರೆ ಕಟ್ಟಿಗೆಯ ಹೊರೆ. ಒಂದು ದೇಶದ ವಿಭವವನ್ನು ಕೊಟ್ಟು ಅವರು ಕೊಂಡದ್ದು ಬೆಂಕಿಗೆ ಹೋಗುವ ಕಟ್ಟಿಗೆಯನ್ನು. ಸೀಯಕನ ದಂಡು ಸುಟ್ಟ ನಗರದ ಬೂದಿಯು ಗಾಳಿಗೆ ಹೋಯಿತು. ಮಾರಯ್ಯನವರ ಹೊರೆಯು ಉರಿದ ಒಲೆಯ ಮೇಲೆ ಶರಣರ ಅನ್ನವು ಬೆಂದಿತು.

ಅನಂತರದ ಶತಮಾನಗಳನ್ನು ಇಲ್ಲಿ ವಿಸ್ತರಿಸಬೇಕಾದ ಕಾರಣವಿಲ್ಲ. ೧೩೪೭ರಲ್ಲಿ ಕಲಬುರಗಿಯು ಬಹಮನಿ ರಾಜಧಾನಿಯಾಯಿತು. ಆಮೇಲೆ ಬೇರೆ ಬೇರೆ ಆಳಿಕೆಗಳು ಬಂದು ಹೋದವು. ಅವುಗಳ ಗುರುತು ಊರುಗಳ ಹೆಸರಿನಲ್ಲಿ ಉಳಿದಿದೆ. ಶಹಾಬಾದ ಎಂದರೆ ಅರಸನ ನೆಲೆ. ಹೆಸರೇ ಒಂದು ಬಿರುದು. ಆದರೆ ಆ ಊರನ್ನು ದೇಶಕ್ಕೆ ಪರಿಚಯ ಮಾಡಿಕೊಟ್ಟದ್ದು ಯಾವ ಶಹನೂ ಅಲ್ಲ, ಹಾಸುಗಲ್ಲು. ಶಹಾಬಾದಿ ಫರಸಿಯು ಎಷ್ಟು ಮನೆಗಳ ನೆಲವಾಗಿ, ಎಷ್ಟು ಮಠಗಳ ಪ್ರಸಾದನಿಲಯದ ಪಂಕ್ತಿಯ ಕೆಳಗಿನ ಹಾಸಾಗಿ ಹರಡಿದೆಯೆಂಬುದಕ್ಕೆ ಎಣಿಕೆಯಿಲ್ಲ. ಖಣಿಯಲ್ಲಿ ಬಿಸಿಲಿಗೆ ಬೆಂದು ಕಲ್ಲು ಎಬ್ಬಿಸುವ ಕೂಲಿಯವನ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ವಾಡಿಯೆಂದರೆ ಸಣ್ಣ ವಸತಿ, ಹಟ್ಟಿ. ಹೆಸರಿನಿಂದ ಅತಿ ಚಿಕ್ಕದಾದ ಈ ಊರಿನಿಂದ ೧೮೭೪ರಲ್ಲಿ ನಿಜಾಮರ ಸೀಮೆಗೆ ರೇಲ್ವೆ ಹೊರಟಿತು; ಮುಂಬಯಿ, ಮದರಾಸು, ಹೈದರಾಬಾದುಗಳ ಹಾದಿಗಳು ಇಲ್ಲಿ ಕೂಡಿದವು; ೧೯೬೮ರಲ್ಲಿ ಸಿಮೆಂಟಿನ ಕಾರಖಾನೆ ಬಂದಿತು. ಎಲ್ಲ ಕಡೆಗೂ ಮುಟ್ಟುವದೇ ವಿಭುತ್ವವಾದರೆ ಶಹಾಬಾದಕ್ಕಿಂತ ವಾಡಿಯೇ ವಿಭುವೆಂದು ಯಾರಾದರೂ ವಿನೋದಕ್ಕೆ ಹೇಳಿದರೆ ಕೋಪಿಸಿಕೊಳ್ಳುವ ಹಾಗಿಲ್ಲ. ಚಿಂಚೋಳಿಯ ಕಡೆಗೆ ಅರಸರ ನಗರಗಳ ಮಾತೇ ಕಡಿಮೆ; ಅಲ್ಲಿ ಮುಲ್ಲಾಮಾರಿ ನದಿ, ಅಡವಿ, ತಾಂಡಾಗಳು. ಸುಟ್ಟುಹೋಗುವಂಥದನ್ನು ಹೆಚ್ಚಾಗಿ ಕಟ್ಟದಿದ್ದ ಸೀಮೆಯದು.

ಮಠಗಳ ಬಳಕೆಯಲ್ಲಿ ವೈಭವ ಶಬ್ದವು ಬಂದಾಗ ಈ ಪೂರ್ವವೃತ್ತಾಂತವನ್ನೆಲ್ಲ ನೆನೆಯಬೇಕಾಗುವದು. ಅಡ್ಡಪಲ್ಲಕ್ಕಿ, ಛತ್ರ, ಚಾಮರ, ಬಹುಪರಾಕುಗಳು ಅರಮನೆಯಿಂದ ಗುರುಮನೆಗೆ ಬಂದ ಮರ್ಯಾದೆಗಳು. ಅರಸರೇ ಇಲ್ಲದ ಈ ಕಾಲದಲ್ಲಿ ಅವು ಗುರುಮನೆಗಳಲ್ಲಿ ಉಳಿದಿರುವದು ಸಂಪ್ರದಾಯದ ದೃಷ್ಟಿಯಿಂದ ಒಳ್ಳೆಯದೇ. ಇಲ್ಲವಾದರೆ ಅವುಗಳ ರೂಪವೇ ಮರೆತುಹೋಗುತ್ತಿತ್ತು. ಆದರೆ ಅವು ಅಂಗಭೋಗ ರಂಗಭೋಗದ ಲೆಕ್ಕಕ್ಕೆ ಸೇರತಕ್ಕವು. ದತ್ತಿಯಲ್ಲಿ ಮಿಕ್ಕ ಭಾಗಗಳಿದ್ದವೆಂಬುದನ್ನು ಅವು ಮುಚ್ಚಬಾರದು. ಕಲಬುರಗಿಯ ಶರಣಬಸವೇಶ್ವರರು (೧೭೪೬-೧೮೨೨) ಯಾವ ಗದ್ದುಗೆಯ ಬಿರುದನ್ನೂ ಹೊತ್ತು ಬಂದವರಲ್ಲ, ಒಕ್ಕಲುತನದ ಮನೆಯವರು. ಇಂದಿಗೂ ಅವರ ಹೆಸರನ್ನು ಹೇಳುವಾಗ ಜನರು ನೆನೆಯುವದು ದಾಸೋಹವನ್ನು. ಅವರ ತೇರು ಇಡೀ ಸೀಮೆಯಲ್ಲಿಯೇ ದೊಡ್ಡದೆಂದು ಹೆಸರಾಗಿದ್ದರೆ ಅದು ದಾಸೋಹದ ಹಿಂದೆ ಬಂದ ದೊಡ್ಡತನ. ತೇರಿನ ಹಿಂದೆ ಬಂದ ದಾಸೋಹವಲ್ಲ. ಮಹೋತ್ಸವದ ಖರ್ಚಿನ ಪಟ್ಟಿಯನ್ನು ಬರೆಯುವವರು ನಾಗಾವಿಯ ಶಾಸನದ ಕ್ರಮವನ್ನು ಹಿಡಿದು, ಪ್ರಸಾದನಿಲಯದಲ್ಲಿ ಉಂಡು ಓದಿದ ಮಕ್ಕಳ ಎಣಿಕೆಯನ್ನೂ, ಮಠದ ಗ್ರಂಥಗಳನ್ನು ಕಾಯುವವರ ಎಣಿಕೆಯನ್ನೂ ಬಾಣಬಿರುಸಿನ ಬಾಬಿನ ಪಕ್ಕದಲ್ಲಿಯೇ ಬರೆದರೆ, ವೈಭವವು ಎಷ್ಟಾಯಿತೆಂಬುದನ್ನು ಪತ್ರಿಕೆಯವರು ವಿಶೇಷಣ ಹಚ್ಚಿ ಹೇಳಬೇಕಾಗುವದಿಲ್ಲ.

ವಿಭೂತಿ ಶಬ್ದದ ಹಳೆಯ ಅರ್ಥವು ಕನ್ನಡದಲ್ಲಿ ಸತ್ತಿಲ್ಲವೆಂಬುದಕ್ಕೆ 'ವಿಭೂತಿಪುರುಷ' ಎಂಬ ಪ್ರಯೋಗವೇ ಸಾಕ್ಷಿ. ಮಹಾತ್ಮರನ್ನು ಹೀಗೆ ಕರೆದಾಗ, ಅವರು ಹಣೆಯ ತುಂಬ ವಿಭೂತಿ ಧರಿಸುವದರಿಂದ ಈ ಹೆಸರು ಬಂದಿತೆಂದು ತಿಳಿಯುವ ಭಕ್ತರು ಅನೇಕರು. ಗೀತೆಯ ವಿಭೂತಿಯೋಗದ ಅರ್ಥದಲ್ಲಿ, ಭಗವಂತನ ಮಹಿಮೆಯು ವಿಶೇಷವಾಗಿ ತೋರಿದ ಪುರುಷನೆಂಬುದು ಅದರ ಸರಿಯಾದ ಭಾವ. ಆದರೂ ಭಕ್ತರ ತಿಳುವಳಿಕೆಯನ್ನು ತಪ್ಪೆಂದು ತೆಗೆದುಹಾಕುವದಕ್ಕೆ ಪಂಡಿತರು ಅವಸರಪಡಬೇಕಾಗಿಲ್ಲ. ಎರಡೂ ಅರ್ಥಗಳು ಒಂದೇ ಹಣೆಯ ಮೇಲೆ ಕೂಡಿರುವಾಗ ಬಿಡಿಸುವದರಿಂದ ಲಾಭವಿಲ್ಲ. 'ಬೂದಿ' ಎಂಬ ದಿನಬಳಕೆಯ ಶಬ್ದವನ್ನೂ ಭೂತಿಯ ತದ್ಭವವೆಂದು ಎಣಿಸುವ ಪಂಡಿತರಿದ್ದಾರೆ. ಅದು ನಿಜವಾದರೆ ಒಲೆಯ ಬೂದಿಯನ್ನು ಬಳಿಯುವ ಹೆಣ್ಣುಮಗಳು ದಿನಾಲು ಐಶ್ವರ್ಯದ ಹೆಸರನ್ನೇ ಹೇಳುತ್ತಾಳೆ.

ಈ ಸೀಮೆಯ ಹಳ್ಳಿಗಳಲ್ಲಿ ವಿಭೂತಿಯೆಂದು ಬಿಡಿಸಿ ಹೇಳುವವರಿಗಿಂತ 'ಈಬತ್ತಿ' ಎನ್ನುವವರೇ ಹೆಚ್ಚು. ಹುಟ್ಟಿದ ಕೂಸಿಗೆ ಲಿಂಗಧಾರಣೆ ಮಾಡುವಾಗ ಹಣೆಗೆ ಈಬತ್ತಿ. ಊರು ಬಿಟ್ಟು ಹೊರಟ ಮಗನಿಗೆ ಈಬತ್ತಿ. ಮಠಕ್ಕೆ ಹೋಗಿ ಬಂದವರ ಅರಿವೆಯ ಚುಂಗಿನಲ್ಲಿ ಈಬತ್ತಿಯ ಪೊಟ್ಟಣ. ಲಿಂಗೈಕ್ಯನಾಗುವವನ ಸಲುವಾಗಿ ಜಂಗಮಮೂರ್ತಿಗೆ ವಿಭೂತಿಯನ್ನೂ ವೀಳ್ಯವನ್ನೂ ಒಪ್ಪಿಸುವ ಸಂಸ್ಕಾರಕ್ಕೆ ವಿಭೂತಿವೀಳ್ಯವೆಂದು ಹೆಸರು. ದೇವೇಂದ್ರನ ಪಟ್ಟಣವನ್ನು ನೋಡಿ ನಕ್ಕ ನಗರದ ಸುತ್ತಲಿನ ಹಳ್ಳಿಗಳಲ್ಲಿ ಇಂದಿಗೂ ಆ ಗಳಿಗೆಗೆ ಬೇಕಾಗುವ ಸಾಮಗ್ರಿ ಇಷ್ಟೇ: ಒಂದು ವಿಭೂತಿಯ ಗಟ್ಟಿ, ಎರಡು ಎಲೆ, ಒಂದು ಅಡಿಕೆ.